ಜೋಡಬೇವಿನ ಓಣಿಯ ಸಿಹಿನೀರಿನ ಬಾವಿ

ಹಳೆಯ ಬಾಗಲಕೋಟೆಯ ಜೋಡಬೇವಿನ ಓಣಿಯಲ್ಲಿ ಒಂದು ದುಂಡನೆಯ ಸಿಹಿನೀರಿನ ಬಾವಿ ಇತ್ತೆಂಬುದು ಈಗ ಸರ್ಕಾರಿ ಸತ್ಯ. ಓಣಿಯೇ ಹಿನ್ನೀರಿನ ತಳದಲ್ಲಿರುವುದರಿಂದ ಸದರಿ ಬಾವಿಗೆ ನೀರಿನ ಅಭಾವವಿಲ್ಲವೆಂದೂ, ಬೇಸಿಗೆಯಲ್ಲಿ ಟ್ಯಾಂಕರ್ ಕಳಿಸುವ ಪ್ರಮೇಯ ಬರುವುದಿಲ್ಲವೆಂದೂ ಆದೇಶದಲ್ಲಿ ಹೇಳಲಾಗಿದೆ. ಯಾವುದೇ ಬಾವಿಯ ಬಗ್ಗೆ ಸರ್ಕಾರ ಇಷ್ಟು ನಿಶ್ಚಿಂತೆಯಿಂದ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ನಮ್ಮೂರ ಹಳೆಯ ಭಾಗ ಅಣೆಕಟ್ಟಿನ ನೀರಿಗೆ ಹೋಗಿ ಎರಡು ದಶಕ ದಾಟಿತು. ಅಲ್ಲಿಯ ಮಂದಿ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಬಂದರು. ಹಳೆಯ ಊರಿನಲ್ಲಿ ಓಣಿಗಳಿಗೆ ಹೆಸರಿತ್ತು. ಇಲ್ಲಿ ಸೆಕ್ಟರುಗಳಿಗೆ ನಂಬರು ಇದೆ. ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಯವರು ಇಲ್ಲಿ ಸಿಟಿ ಬಸ್ಸು ಹಿಡಿದು ಒಬ್ಬರನ್ನೊಬ್ಬರು ಮಾತಾಡಿಸಲು ಹೋಗಬೇಕು. ಮುಳುಗಿದ ಊರನ್ನು ನೆನಪಿಸುವ ಸಲುವಾಗಿಯೇ 'ಮುಳುಗಡೆ ಪರಂಪರೆ ಕೋಶ' ಎಂಬುದೊಂದು ಹುಟ್ಟಿಕೊಂಡಿತು. ಅದರಲ್ಲಿ ನೋಡಲ್ ಅಧಿಕಾರಿ ದೀಪಕ ಸಾಹೇಬರು, ಗುಮಾಸ್ತ ಅನಿಲಕುಮಾರ, ಒಂದು ಕಪಾಟು ಮತ್ತು ಖರ್ಚಾಗದ ಅನುದಾನ ಇದ್ದವು. ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚು ಮಾಡದಿದ್ದರೆ ಪರಂಪರೆಗೆ ಧಕ್ಕೆ ಬರುವ ಸಂಭವವಿತ್ತು.

ಕಪಾಟಿನಲ್ಲಿ ಬ್ರಿಟಿಷರ ಕಾಲದ ಒಂದು ಊರ ನಕಾಶೆ ಸಿಕ್ಕಿತು. ಯಾವನೋ ಪುಣ್ಯಾತ್ಮ ಸರ್ವೆಯವನು ಬಟ್ಟೆಗೆ ಅಂಟಿಸಿದ ಕಾಗದದ ಮೇಲೆ ಕೈಯಿಂದಲೇ ಬರೆದದ್ದು. ಪ್ರತಿ ಮನೆ, ಮನೆಯ ಮುಂದಿನ ಕಟ್ಟೆ, ಗಟಾರ, ಎರಡು ಬೇವಿನ ಮರ, ಎಲ್ಲ ಇದ್ದವು. ಇದನ್ನು ಪ್ರತಿ ಮಾಡಿ, ದೊಡ್ಡದಾಗಿ ಅಚ್ಚು ಹಾಕಿಸಿ, ಮಂದಿಗೆ ಹಂಚಬೇಕೆಂದು ಸಾಹೇಬರು ತೀರ್ಮಾನಿಸಿದರು. ಇಲ್ಲಿಯವರೆಗೆ ಎಲ್ಲವೂ ಒಳ್ಳೆಯ ಕೆಲಸವೇ, ಅದರಲ್ಲಿ ನನ್ನದು ತಕರಾರಿಲ್ಲ.

ಸ್ಕ್ಯಾನ್ ಮಾಡುವ ದಿನ ಕರೆಂಟು ಹೋಯಿತು. ಕರೆಂಟು ಬರುವವರೆಗೆ ಅನಿಲಕುಮಾರ ಚಹಾ ತರಿಸಿದ. ಬಸಿಯಿಲ್ಲದ ಕಪ್ಪನ್ನು ಎಲ್ಲಿಯಾದರೂ ಇಡಬೇಕಲ್ಲ, ನಕಾಶೆಯ ಮೇಲೆ ಇಟ್ಟ. ಎತ್ತಿದಾಗ ಜೋಡಬೇವಿನ ಓಣಿಯ ನಡುಮಧ್ಯೆ ದುಂಡನೆಯ ಗುರುತು ಉಳಿದಿತ್ತು. ಗಾಬರಿಯಾಗಿ ಒದ್ದೆ ಬಟ್ಟೆಯಿಂದ ಒರೆಸಿದ. ಒರೆಸಿದ ರಭಸಕ್ಕೆ ಗುರುತಿನ ಒಳಗಿದ್ದ ಎರಡು ಮನೆಗಳ ಮಸಿ ಎದ್ದು ಬಟ್ಟೆಗೆ ಬಂತು. ಚಹಾದ ಗುರುತು ಮಾತ್ರ ಹೋಗಲಿಲ್ಲ. ನಮ್ಮ ಕಡೆಯ ಚಹಾ ಅಷ್ಟು ಗಟ್ಟಿ. ಅಚ್ಚಿನ ಮನೆಯವನು ಕಾಳಜಿಯ ಮನುಷ್ಯ. ಅಸ್ಪಷ್ಟವಾಗಿದ್ದ ಆ ಗೆರೆಯನ್ನು ಅವನೇ ಕಂಪ್ಯೂಟರಿನಲ್ಲಿ ತಿದ್ದಿ, ದಪ್ಪ ಮಾಡಿ, ಅಚ್ಚುಕಟ್ಟಾಗಿ ಮುದ್ರಿಸಿಕೊಟ್ಟ.

ನಕಾಶೆಯನ್ನು ಕೋಶದ ಸಭಾಂಗಣದ ಗೋಡೆಗೆ ತೂಗುಹಾಕಿದ ದಿನ ಮಂದಿ ಜಾತ್ರೆಯಾಗಿ ಬಂದರು. ಅಜ್ಜಿಯರು ಚಾಳೀಸು ಏರಿಸಿ ಬೆರಳಿನಿಂದ ಓಣಿಯ ಗುಂಟ ನಡೆದರು. "ಇದು ಸಾಲಿ, ಇದು ನಮ್ಮ ಹಿಟ್ಟಿನ ಗಿರಣಿ, ಇಲ್ಲೆ ನಿಮ್ಮಪ್ಪ ಸೈಕಲ್ ಮ್ಯಾಲಿಂದ ಬಿದ್ದಿದ್ದ ನೋಡು" ಎಂದು ಮೊಮ್ಮಕ್ಕಳಿಗೆ ತೋರಿಸಿದರು. ಒಬ್ಬ ಹಿರಿಯರು ತಮ್ಮ ಮನೆಯ ಬಾಗಿಲು ಇದ್ದ ಕಡೆ ಬೆರಳಿಟ್ಟು ಬಹಳ ಹೊತ್ತು ಹಾಗೆಯೇ ನಿಂತರು. ನಾನೂ ನಮ್ಮ ಅಜ್ಜನ ಮನೆ ಹುಡುಕಿದೆ. ಸಿಕ್ಕಾಗ ಕಣ್ಣೊರೆಸಿಕೊಂಡೆ, ಅದನ್ನು ಮುಚ್ಚಿಡುವುದಿಲ್ಲ.

ದುಂಡನೆಯ ಗುರುತಿನ ಮುಂದೆ ಮೊದಲು ನಿಂತವರು ಅಮಸಿದ್ದಪ್ಪನವರು. ಇವರು ಇತಿಹಾಸಾಭಿಮಾನಿಗಳ ಸಂಘದ ಸಂಸ್ಥಾಪಕ ಅಧ್ಯಕ್ಷರು. ಸಂಸ್ಥಾಪಿಸಿದಂದಿನಿಂದ ಬೇರೆ ಅಧ್ಯಕ್ಷರ ಅವಶ್ಯಕತೆ ಬಿದ್ದಿಲ್ಲ. ಅವರು ಗುರುತನ್ನು ನೋಡಿ, ಕನ್ನಡಕ ತೆಗೆದು ನೋಡಿ, "ಬಾವಿ!" ಎಂದರು.

"ಹೌದೌದು, ಬಾವಿ" ಎಂದರು ಹಿಂದೆ ನಿಂತವರು.

"ಇಷ್ಟು ದುಂಡಗ ಬಾವಿ ತೆಗಿಸಾಕ ಸಾಮಾನ್ಯರಿಂದ ಆಗೂದಿಲ್ಲ. ಇದು ಚಾಲುಕ್ಯರದ ಇರಬೇಕು. ಬಾದಾಮಿ ಎಷ್ಟರ ದೂರ ಐತಿ?" ಎಂದರು ಅಮಸಿದ್ದಪ್ಪನವರು.

ಬಾದಾಮಿ ನಿಜವಾಗಿಯೂ ದೂರವಿಲ್ಲ; ಆದ್ದರಿಂದ ಯಾರೂ ಎದುರಾಡಲಿಲ್ಲ. ಗುರುತಿನ ಒಂದು ಕಡೆ ಗೆರೆ ತುಸು ತುಂಡಾಗಿತ್ತು, ಅದು ಮೆಟ್ಟಿಲೆಂದು ತೀರ್ಮಾನವಾಯಿತು. ಪಕ್ಕದಲ್ಲಿ ಒಂದು ಹನಿ ಬಿದ್ದಿತ್ತು, ಅದು ದನಗಳು ನೀರು ಕುಡಿಯುವ ಕಲ್ಲುಬಾನಿ ಎಂದಾಯಿತು. ಸಂಜೆಯ ಹೊತ್ತಿಗೆ ಆ ಬಾವಿಯಲ್ಲಿ ಈಜು ಕಲಿತವರು, ಆ ಬಾವಿಗೆ ಕೊಡ ಕೆಡವಿ ಅತ್ತೆಯಿಂದ ಬೈಸಿಕೊಂಡವರು, ಬರಗಾಲದಲ್ಲಿ ಊರಿಗೆಲ್ಲ ಅದೇ ನೀರು ಕೊಟ್ಟಿತೆಂದು ಆಣೆ ಮಾಡುವವರು ಬೇಕಾದಷ್ಟು ಮಂದಿ ಸಿಕ್ಕರು. ಅನಿಲಕುಮಾರನ ಸ್ವಂತ ತಾಯಿಯೇ, ತಾನು ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿಂದಲೇ ನೀರು ತರುತ್ತಿದ್ದೆ ಎಂದು ಹೇಳಿದಳು. ಅವಳು ಮದುವೆಯಾಗಿ ಬಂದದ್ದು ಗದಗಿಗೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಕಾಶೆಯ ಯಶಸ್ಸಿನಿಂದ ಹುರುಪುಗೊಂಡ ಕೋಶವು 'ಹಳೆ ನೆರೆಹೊರೆ ಪುನರ್ಜೋಡಣಾ ಯೋಜನೆ'ಯನ್ನು ಪ್ರಕಟಿಸಿತು. ನಕಾಶೆಯಲ್ಲಿ ಅಕ್ಕಪಕ್ಕ ಇದ್ದವರು ಒಪ್ಪಿ ಅರ್ಜಿ ಹಾಕಿದರೆ, ಈಗಿನ ಮನೆಗಳನ್ನು ಬಿಟ್ಟುಕೊಟ್ಟು, ಹೊಸ ಬಡಾವಣೆಯಲ್ಲಿ ಮತ್ತೆ ಅಕ್ಕಪಕ್ಕದ ಮನೆಗಳಲ್ಲಿ ಇರಬಹುದು. ನಿಯಮಗಳು ಸರಳವಾಗಿದ್ದವು. ನಕಾಶೆಗೂ ಮನುಷ್ಯನಿಗೂ ಭಿನ್ನಾಭಿಪ್ರಾಯ ಬಂದಲ್ಲಿ ನಕಾಶೆಯ ಮಾತೇ ಅಂತಿಮ. ನಕಾಶೆಗೂ ನಕಾಶೆಗೂ ಭಿನ್ನಾಭಿಪ್ರಾಯ ಬಂದಲ್ಲಿ ಹಳೆಯ ನಕಾಶೆಯ ಹೊಸ ಪ್ರತಿಯೇ ಅಂತಿಮ. ಬೇರೆ ಕಾಗದಪತ್ರಗಳನ್ನು ತರತಕ್ಕದ್ದಲ್ಲ, ತಂದಲ್ಲಿ ಗೊಂದಲವಾಗುತ್ತದೆ. ಮಾರ್ಚ್ ಕೊನೆಗೆ ಯೋಜನೆ ಮುಕ್ತಾಯ.

ಲಾಡಬಿ ಮತ್ತು ಚಂದವ್ವ ಮೊದಲ ದಿನವೇ ಬಂದರು. ಲಾಡಬಿ ಕೌದಿ ಹೊಲಿಯುತ್ತಾಳೆ, ಸೆಕ್ಟರ್ ಹದಿನಾಲ್ಕರಲ್ಲಿ ಮಗ ಸೊಸೆಯ ಜೊತೆ ಇರುತ್ತಾಳೆ. ಚಂದವ್ವ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ, ಮಗಳು ಅಳಿಯನ ಜೊತೆ ಸೆಕ್ಟರ್ ಐವತ್ತೆರಡರಲ್ಲಿ ಇರುತ್ತಾಳೆ. ಜೋಡಬೇವಿನ ಓಣಿಯಲ್ಲಿ ಇವರಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅದರಲ್ಲಿ ಒಂದು ಕಿಂಡಿ. ಮುಂಜಾನೆ ಒಲೆಗೆ ಕೆಂಡ, ರಾತ್ರಿ ಹಾಲಿಗೆ ಹೆಪ್ಪು, ನಡುವೆ ದಿನಕ್ಕೊಂದು ಜಗಳ, ಎಲ್ಲವೂ ಆ ಕಿಂಡಿಯಿಂದಲೇ ಹಾಯುತ್ತಿದ್ದವು. ಲಾಡಬಿಯ ಆಡು ಚಂದವ್ವನ ಹಪ್ಪಳ ತಿಂದದ್ದಕ್ಕೆ ಶುರುವಾದ ಜಗಳ ಆಡು ಸತ್ತ ಮೇಲೂ ಮುಂದುವರಿದಿತ್ತು.

"ಫೋನ್ ಮಾಡ್ತೀರಲ್ಲ, ಸಾಲದೇ?" ಎಂದು ದೀಪಕ ಸಾಹೇಬರು ಕೇಳಿದರು. ಅವರು ಮೈಸೂರು ಕಡೆಯವರು, ಪುಸ್ತಕದಂತೆ ಮಾತಾಡುವವರು.

"ಫೋನಿನಾಗ ಹೆಪ್ಪು ಬರಂಗಿಲ್ರಿ ಸಾಹೇಬ್ರ" ಎಂದಳು ಲಾಡಬಿ. "ಮತ್ತ ಆ ಸೆಕ್ಟರಿನ ಮಂದಿಗೆ ಜಗಳಾ ಮಾಡಾಕ ಬರಂಗಿಲ್ಲ. ಒಂದ ಮಾತಿಗೆ ಬಾಗಲಾ ಹಾಕ್ಕೊಂಡ ಬಿಡ್ತಾರ. ವಯಸ್ಸಾತು, ಇನ್ನ ಹೊಸಬರ ಜೋಡಿ ಜಗಳಾ ಕಲಿಯೂದ ಆಗೂದಿಲ್ಲ ನನಗ."

ಸಾಹೇಬರು ಇಬ್ಬರ ಹಳೆಯ ವಿಳಾಸ ಕೇಳಿ ನಕಾಶೆಯ ಕಡೆ ನೋಡಿದರು. ಬೆರಳು ನೇರವಾಗಿ ಬಾವಿಗೆ ಹೋಯಿತು.

"ಅಮ್ಮ, ತಾವು ಹೇಳುವ ಸ್ಥಳದಲ್ಲಿ ಮನೆಗಳಿಲ್ಲ. ಬಾವಿ ಇದೆ."

"ಯಾವ ಬಾವಿರಿ?" ಎಂದಳು ಚಂದವ್ವ. "ಅಲ್ಲೆಂದೂ ಬಾವಿ ಇದ್ದಿಲ್ಲ. ನೀರಿಗೆ ನಾವು ನಳದ ಮುಂದ ಪಾಳಿ ಹಚ್ಚಿ ಸಾಯತಿದ್ವಿ."

"ಐತಿಹಾಸಿಕ ಬಾವಿಯನ್ನು ಹಾಗೆಲ್ಲ ಅಲ್ಲಗಳೆಯಬಾರದು" ಎಂದರು ಅಲ್ಲಿಯೇ ಕೂತಿದ್ದ ಅಮಸಿದ್ದಪ್ಪನವರು. ಸಾಹೇಬರ ಮುಂದೆ ಅವರೂ ಪುಸ್ತಕದ ಭಾಷೆಯನ್ನೇ ಆಡುತ್ತಿದ್ದರು. ಬಾವಿಯ ಬಗ್ಗೆ ಅವರ ಉಪನ್ಯಾಸ ಆಗಲೇ ಕೆರೂರಿನಲ್ಲಿ ಒಂದು, ಬಾಗಲಕೋಟೆಯಲ್ಲಿ ಎರಡು ಆಗಿದ್ದವು.

ಇದನ್ನು ಕೇಳಿ ಅನಿಲಕುಮಾರನಿಗೆ ತಡೆಯಲಿಲ್ಲ. ಅವನು ಕೆಟ್ಟವನಲ್ಲ, ಚಹಾ ಪ್ರಿಯ ಅಷ್ಟೇ. ಎದ್ದು ನಿಂತು, "ಸರ್, ಅದು ಬಾವಿ ಅಲ್ರಿ, ನನ್ನ ಚಾದ ಕಪ್ಪು" ಎಂದ.

ಸಾಹೇಬರು ಸಮಾಧಾನದಿಂದ ವಿಚಾರಣೆ ನಡೆಸಿದರು.

"ಕಪ್ಪನ್ನು ಹಾಜರುಪಡಿಸುವಿರಾ?"

"ಕಾಗದದ ಕಪ್ಪರಿ. ಕಸದ ಬುಟ್ಟ್ಯಾಗ ಒಗದೆ."

"ಚಹಾ ಕುಡಿದದ್ದಕ್ಕೆ ದಾಖಲೆ?"

"ಇಲ್ರಿ."

"ಕಚೇರಿಯ ವೇಳೆಯಲ್ಲಿ ಕುಡಿದಿರೋ, ವಿರಾಮದ ವೇಳೆಯಲ್ಲೋ?"

ಅನಿಲಕುಮಾರ ಕೂತುಬಿಟ್ಟ. ತನ್ನ ಚಹಾವನ್ನು ಇತಿಹಾಸವೆಂದು ಬಿಂಬಿಸಿ ಸ್ವಪ್ರಚಾರ ಪಡೆಯಲು ಯತ್ನಿಸಿದ್ದಕ್ಕಾಗಿ ಅವನಿಗೆ ಒಂದು ನೋಟೀಸು ಕೊಡಲಾಯಿತು. ಮನೆಯಲ್ಲಿ ಅವನ ತಾಯಿ ಎರಡು ದಿನ ಮಾತು ಬಿಟ್ಟಳು. ಅಷ್ಟು ದೂರದಿಂದ ನೀರು ಹೊತ್ತವಳನ್ನು ಸುಳ್ಳಿ ಮಾಡಿದನೆಂದು ಅವಳ ಸಿಟ್ಟು.

ಆದರೂ ದೀಪಕ ಸಾಹೇಬರು ನ್ಯಾಯವಂತರು. ಇಬ್ಬರು ಹೆಣ್ಣುಮಕ್ಕಳ ಮಾತನ್ನು ತಳ್ಳಿಹಾಕುವ ಮೊದಲು ಸ್ಥಳಪರಿಶೀಲನೆ ಆಗಲೇಬೇಕೆಂದರು. ಹಿನ್ನೀರಿನಲ್ಲಿ ಮೀನು ಹಿಡಿಯುವ ದುರ್ಗಪ್ಪನ ಹರಗೋಲು ಗೊತ್ತುಮಾಡಲಾಯಿತು. ಸಾಹೇಬರು, ಅಮಸಿದ್ದಪ್ಪನವರು, ಲಾಡಬಿ, ಚಂದವ್ವ ಹತ್ತಿ ಕೂತರು. ಅನಿಲಕುಮಾರನನ್ನು ಹತ್ತಿಸಿಕೊಳ್ಳಲಿಲ್ಲ, ಅವನು ಹಿತಾಸಕ್ತಿ ಉಳ್ಳವನು. ನಕಾಶೆಯನ್ನು ಬಿಚ್ಚಿ ಹಿಡಿದು, ದಂಡೆಯ ಮೇಲೆ ಉಳಿದಿದ್ದ ಹಳೆಯ ನೀರಿನ ಟಾಕಿಯನ್ನು ಗುರುತಿಗಿಟ್ಟುಕೊಂಡು ಸಾಗಿದರು.

"ನಿಲ್ಲಸಪಾ, ಇಲ್ಲೆ ನಿಲ್ಲಸು" ಎಂದಳು ಚಂದವ್ವ. ಅವಳಿಗೆ ನಕಾಶೆ ಬೇಕಾಗಿರಲಿಲ್ಲ. ನೀರಿನ ಮೇಲೆ ಬಿಸಿಲು ಬಿದ್ದಿತ್ತು, ಕೆಳಗೆ ಏನೂ ಕಾಣುತ್ತಿರಲಿಲ್ಲ. ಅವಳು ಅಂಚಿಗೆ ಬಾಗಿ ಇಣುಕಿ, ಅಂಗೈಯನ್ನು ನೀರಿನಲ್ಲಿ ಇಟ್ಟು ಹಾಗೆಯೇ ಕೂತಳು. ಲಾಡಬಿ ಅವಳ ಸೆರಗು ಹಿಡಿದುಕೊಂಡಳು, ಬಿದ್ದಾಳೆಂದು.

ಸಾಹೇಬರು ಪೆನ್ನು ತೆಗೆದರು. "ದುರ್ಗಪ್ಪ, ಈ ಸ್ಥಳದಲ್ಲಿ ನೀರಿದೆಯೇ?"

"ಎಲ್ಲಾ ಕಡೆ ಐತಲ್ರಿ ಸಾಹೇಬ್ರ."

"ಎಲ್ಲ ಕಡೆಯದು ಈ ಕಡತಕ್ಕೆ ಬೇಡ. ಇಲ್ಲಿ ಇದೆಯೇ?"

"ಐತ್ರಿ."

"ಆಳವಿದೆಯೇ?"

"ಭಾಳ ಐತ್ರಿ."

ಸಾಹೇಬರು ಬೊಗಸೆಯಿಂದ ಒಂದು ಗುಟುಕು ಕುಡಿದು ನೋಡಿದರು. ವರದಿ ಹೀಗಿತ್ತು: 'ಸ್ಥಳದಲ್ಲಿ ನೀರು ಕಂಡುಬಂದಿದೆ. ನೀರು ಆಳವಾಗಿದೆ, ಸಿಹಿಯಾಗಿದೆ. ಮನೆಗಳು ಕಂಡುಬಂದಿಲ್ಲ. ಆದ್ದರಿಂದ ಬಾವಿ ಇರುವುದು ಪ್ರತ್ಯಕ್ಷವಾಗಿ ಸಾಬೀತಾಗಿದೆ.' ಅಮಸಿದ್ದಪ್ಪನವರು ಸಾಕ್ಷಿಯಾಗಿ ಸಹಿ ಮಾಡಿದರು. ದುರ್ಗಪ್ಪ ಹರಗೋಲನ್ನು ತಿರುಗಿಸಿದ.

ಮಾರ್ಚ್ ಮುಗಿಯುತ್ತ ಬಂತು. ಬೇರೆ ಓಣಿಯವರು ಜೋಡಿ ಜೋಡಿಯಾಗಿ ಅರ್ಜಿ ಹಾಕಿ ಹೋಗುತ್ತಿದ್ದರು. ಜೀವಮಾನವಿಡೀ ಒಬ್ಬರ ಮುಖ ಒಬ್ಬರು ನೋಡದವರೂ ಹೊಸ ಮನೆಯ ಆಸೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಬಂದು ಫೋಟೋ ಹೊಡೆಸಿಕೊಂಡರು. ಖರೆ ನೆರೆಯವರಿಬ್ಬರು ಮಾತ್ರ ಕೋಶದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

ಕೊನೆಯ ದಿನ ಮಧ್ಯಾಹ್ನ ಲಾಡಬಿ ಎದ್ದಳು. ಚಂದವ್ವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಸಾಹೇಬ್ರ, ನಿಮ್ಮ ನಿಯಮದಾಗ ಮನಿ ಅಂತ ಬರದೈತೋ, ಅಲ್ಲಿ ಇದ್ದವರು ಅಂತ ಬರದೈತೋ?"

ಸಾಹೇಬರು ತೆಗೆದು ಓದಿದರು. "ನಕಾಶೆಯಲ್ಲಿ ಕಾಣಿಸಿದ ಸ್ಥಳದ ನಿವಾಸಿಗಳು ಎಂದಿದೆ."

"ಬಾವಿ ನಕಾಶೆದಾಗ ಐತಿಲ್ರಿ?"

"ನಿಸ್ಸಂದೇಹವಾಗಿ."

"ಹಂಗಾದ್ರ ನಾವು ಬಾವ್ಯಾಗ ಇದ್ವಿ ಅಂತ ಬರಕೋರಿ. ಇಬ್ಬರೂ ಅದ ಬಾವ್ಯಾಗ. ಆಕಿ ಮೂಡಣ ದಿಕ್ಕಿಗೆ, ನಾ ಪಡುವಣ ದಿಕ್ಕಿಗೆ."

ದೀಪಕ ಸಾಹೇಬರು ನಿಯಮಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಬಾವಿಯಲ್ಲಿ ವಾಸಿಸಬಾರದೆಂದು ಎಲ್ಲಿಯೂ ಇರಲಿಲ್ಲ. ಅವರ ಮುಖ ಅರಳಿತು. ಪಾಪ, ಅವರಿಗೂ ಮನಸ್ಸಿತ್ತು, ದಾರಿ ಬೇಕಾಗಿತ್ತು.

ದಾರಿಗೆ ಅಡ್ಡ ನಿಂತವಳು ಚಂದವ್ವ. "ನಾ ಒಲ್ಲೆ" ಎಂದಳು. "ಎರಡ ಅಂಕಣದ ಮನಿ ಇತ್ತು ನಂದು. ನನ್ನ ಗಂಡ ಕೈಯಾರೆ ಮಾಳಗಿಗೆ ಮಣ್ಣ ಹಾಕಿದ್ದ. ನನ್ನ ಮಗಳು ಅಲ್ಲೇ ಹುಟ್ಟ್ಯಾಳ. ಅದನ್ನ ಬಾವಿ ಅಂತ ಹೇಳಿ ಹೆಬ್ಬಟ್ಟ ಒತ್ತಲೇನ? ಒಂದ ಸಲಾ ನೀರಾಗ ಮುಳಿಗಿಸಿದ್ದು ಸಾಲದಾ, ಇನ್ನೊಮ್ಮೆ ನಾನ ಮುಳಿಗಿಸಬೇಕಾ?"

ಸಾಹೇಬರು ಮತ್ತೆ ನಿಯಮದ ಹಾಳೆ ತಿರುವಿದರು. ಇದಕ್ಕೆ ನಿಯಮ ಇರಲಿಲ್ಲ.

"ಏ ಚಂದವ್ವಾ, ಇಲ್ಲಿ ಕೇಳು" ಎಂದಳು ಲಾಡಬಿ ಮೆಲ್ಲಗೆ. "ಮೊನ್ನಿ ಹರಗೋಲದಾಗ ಕುಂತು ಏನ್ ಮಾಡಿದಿ ನೀ? ಬಗ್ಗಿ ಇಣುಕಿ ನೋಡಿದಿ. ಸ್ವಂತ ಮನಿ ನೋಡಾಕ ಯಾರರ ಬಗ್ಗಿ ಇಣುಕತಾರೇನ? ಬಾವಿ ಇದ್ದರ ಇಣುಕತಾರ. ನಾವು ಸುಳ್ಳ ಹೇಳಾಕ ಹತ್ತಿಲ್ಲ ಬಿಡು. ಆವಾಗ ಮನಿ ಇತ್ತು, ಈಗ ಬಾವಿ ಆಗೇತಿ."

ಚಂದವ್ವ ಮೂಗು ಒರೆಸಿಕೊಂಡು, "ಆಡಿನ ಸುದ್ದಿ ತಗೀಬ್ಯಾಡ ಮತ್ತ" ಎಂದು ಎಚ್ಚರಿಕೆ ಕೊಟ್ಟು, ಹೆಬ್ಬಟ್ಟು ಒತ್ತಿದಳು.

ಮಂಜೂರಾತಿ ತಡವಾಗಲಿಲ್ಲ. ಬಾವಿಯ ಒಳಗೆ ಅಡ್ಡಗೋಡೆ ಇರುವ ಪದ್ಧತಿ ಇಲ್ಲವೆಂದು ಇಂಜಿನಿಯರರು ಟಿಪ್ಪಣಿ ಬರೆದದ್ದರಿಂದ, ಹೊಸ ಬಡಾವಣೆಯಲ್ಲಿ ಇಬ್ಬರಿಗೂ ನಡುಗೋಡೆಯಿಲ್ಲದ ಜೋಡಿ ಮನೆ ಸಿಕ್ಕಿತು. ಗೋಡೆಯಿಲ್ಲದೆ ಜಗಳವಾಡುವುದು ಹೇಗೆ? ಲಾಡಬಿಯ ಸೊಸೆ ನರ್ಗೀಸ ಎರಡು ಹಳೆಯ ಇಳಕಲ್ ಸೀರೆಗಳನ್ನು ಜೋಡಿಸಿ ನಡುವೆ ಕಟ್ಟಿದಳು. ಈಗ ಹೆಪ್ಪು ಸೀರೆಯ ಕೆಳಗಿನಿಂದ ಹೋಗುತ್ತದೆ, ಬೈಗುಳ ಮೇಲಿನಿಂದ.

ಬಾವಿಯ ಕೀರ್ತಿ ಜಿಲ್ಲೆಯೆಲ್ಲ ಹಬ್ಬಿತು. ಹುನಗುಂದದ ಇತಿಹಾಸಾಸಕ್ತರು ತಾವೂ ತಮ್ಮೂರ ಹಳೆಯ ನಕಾಶೆಯನ್ನು ಬಹಳ ಶುಚಿಯಾಗಿ ಅಚ್ಚು ಹಾಕಿಸಿದ್ದರು. ನೋಡಿದವರಿಗೆ ಏನೂ ನೆನಪಾಗುತ್ತಿಲ್ಲವೆಂದು ಅನಿಲಕುಮಾರನ ಬಳಿ ಸಲಹೆ ಕೇಳಲು ಬಂದರು. ಇಳಕಲ್ಲಿನ ಹವ್ಯಾಸಿಗಳ ನಕಾಶೆಯ ಮೇಲೆ ಮಿರ್ಚಿಭಜಿಯ ಎಣ್ಣೆ ಬಿದ್ದು, ಊರ ಮಗ್ಗುಲಲ್ಲೇ ಒಂದು ಕೆರೆ ಪತ್ತೆಯಾಯಿತು. ಅದರ ಏರಿಯ ಮೇಲೆ ಆಡಿ ಬೆಳೆದವರ ಸಭೆ ಕರೆದಿದ್ದಾರೆ. ಬಾದಾಮಿಯವರು ಮಾತ್ರ ತಮಗೆ ಇಂಥದ್ದೇನೂ ಬೇಡ, ಬಂಡೆಗಳೇ ಸಾಕು ಎಂದರು. ಅನಿಲಕುಮಾರನ ನೋಟೀಸನ್ನು ವಾಪಸು ಪಡೆದು, ತಾಂತ್ರಿಕ ಸಲಹೆಗಾರನೆಂದು ಹೆಸರಿಸಲಾಯಿತು. ದಿನಕ್ಕೆ ಮೂರು ಕಪ್ಪು ಚಹಾ ಕಚೇರಿಯ ಖರ್ಚಿನಲ್ಲಿಯೇ ಬರುತ್ತದೆ.

ನಕಾಶೆಯ ಎರಡನೆಯ ಮುದ್ರಣ ಬಿಡುಗಡೆಯಾದ ದಿನ ಸಭಾಂಗಣ ತುಂಬಿತ್ತು. ಈ ಸಲ ಬಾವಿಗೆ ನೀಲಿ ಬಣ್ಣ ಹಾಕಿಸಿದ್ದರು. ಬಾವಿಯ ಕೊನೆಯ ನಿವಾಸಿಗಳೆಂದು ಲಾಡಬಿಗೂ ಚಂದವ್ವನಿಗೂ ಶಾಲು ಹೊದಿಸಿದರು. ಅಮಸಿದ್ದಪ್ಪನವರು ಮುಕ್ಕಾಲು ತಾಸು ಮಾತಾಡಿ, ಬಾವಿಯ ಬಗ್ಗೆ ತಾಯಂದಿರೂ ಎರಡು ಮಾತು ಹೇಳಬೇಕೆಂದು ಮೈಕು ಚಾಚಿದರು. ಲಾಡಬಿ ಹಿಂದೆ ಸರಿದಳು. ಚಂದವ್ವ ಎದ್ದು ನಿಂತಳು. ಬೈಯುತ್ತಾಳೆಂದು ನನಗೆ ಅಂಜಿಕೆಯಾಯಿತು.

"ನಮ್ಮ ಬಾವ್ಯಾಗ ಎರಡ ಅಂಕಣ ಇದ್ದೂರಿ" ಎಂದಳು. "ಬಾಗಲಾ ತಗದ ಕೂಡಲೆ ಬೇವಿನ ಗಾಳಿ ಬರತಿತ್ತು. ಬ್ಯಾಸಗ್ಯಾಗ ಬಾವಿ ಮಾಳಗಿ ಮ್ಯಾಲೆ ಮಕ್ಕೊತಿದ್ವಿ. ನನ್ನ ಮಗಳು ಆ ಬಾವ್ಯಾಗ ಹುಟ್ಟಿದ್ಲು. ತೊಟ್ಲಾ ಕಟ್ಟಾಕ ಈ ಲಾಡಬಿ ಹೊಸಾ ಕೌದಿ ತಂದಿದ್ಲು. ನನ್ನ ಗಂಡ ತೀರಿಕೊಂಡದ್ದೂ ಆ ಬಾವ್ಯಾಗ. ಬಿಟ್ಟ ಬರೂ ದಿವಸ ಹೊಸ್ತಲಾ ಸಾರಿಸಿ, ರಂಗೋಲಿ ಹಾಕಿ, ಕೀಲಿ ಹಾಕ್ಕೊಂಡ ಬಂದೀನ್ರಿ. ಕೀಲಿ ಯಾಕ ಹಾಕಿದೆ ಅಂತ ನನಗ ಇನ್ನೂ ತಿಳಿದಿಲ್ಲ."

ಮೈಕನ್ನು ವಾಪಸು ಕೊಟ್ಟು ಕೂತಳು. ಹಿಂದಿನ ಸಾಲಿನಲ್ಲಿ ಯಾಕೂಬಸಾಬ ಎಂಬ ಹಿರಿಯರು ಎದ್ದರು. ಮೊದಲ ಪ್ರದರ್ಶನದಲ್ಲಿ ತಮ್ಮ ಬಾಗಿಲ ಮೇಲೆ ಬೆರಳಿಟ್ಟು ನಿಂತವರು ಅವರೇ.

"ನಮ್ಮದೂ ಬಾವ್ಯಾಗ ಇತ್ರಿ" ಎಂದರು. "ನಾಕ ಅಂಕಣದ್ದು."

"ನಮ್ಮದೂ" ಎಂದಳು ಇನ್ನೊಬ್ಬಳು. "ನಮ್ಮ ಗಿರಣಿನೂ." "ನಮ್ಮ ಸಾಲಿನೂ." ಸಾಲಿನಿಂದ ಸಾಲು ಏಳುತ್ತ ಹೋಯಿತು. ನಾನೂ ಎದ್ದು ನಮ್ಮ ಅಜ್ಜನ ಮನೆಯ ಹೆಸರು ಹೇಳಿದೆ.

ದೀಪಕ ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ಮಹಾಜನತೆಯ ಒಕ್ಕೊರಲ ಹೇಳಿಕೆಯ ಮೇರೆಗೆ, ಮೂರನೆಯ ಮುದ್ರಣದಲ್ಲಿ ಮುಳುಗಿದ ಊರನ್ನೆಲ್ಲ ಒಂದೇ ಬಾವಿಯೆಂದು ತೋರಿಸಲು ಆದೇಶವಾಗಿದೆ. ಅಚ್ಚಿನ ಮನೆಯವನಿಗೂ ಕೆಲಸ ಹಗುರಾಯಿತು. ಮನೆ, ಕಟ್ಟೆ, ಗಟಾರ ಏನನ್ನೂ ಬಿಡಿಸಬೇಕಾಗಿಲ್ಲ, ಕಾಗದಕ್ಕೆ ನೀಲಿ ಬಣ್ಣ ಹಾಕಿದರೆ ಸಾಕು. ತಕರಾರು ಇದ್ದವರು ತಿಂಗಳೊಳಗೆ ಬಂದು ತಿಳಿಸಬೇಕೆಂದು ಪ್ರಕಟಣೆ ಹೊರಡಿಸಿದ್ದರು. ತಿಂಗಳು ಮುಗಿಯಿತು. ಯಾರೂ ಬರಲಿಲ್ಲ.